ವಾದ್ಯದ ಭಾರ: ವಡಪಳನಿಯಿಂದ ಒಂದು ಸಾಗಣೆಯ ಚರಿತ್ರೆ

ವಡಪಳನಿ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು ಮುರುಗನ ಗುಡಿ. ಇನ್ನೊಂದು ಆರ್ಕಾಟ್ ರಸ್ತೆಯ ಆಸುಪಾಸಿನ ಸಿನಿಮಾ ಸ್ಟುಡಿಯೊಗಳು. 1948ರಲ್ಲಿ ಎ.ವಿ. ಮೆಯ್ಯಪ್ಪನ್ ಅವರು ಕಾರೈಕುಡಿಯಲ್ಲಿದ್ದ ತಮ್ಮ ಎ.ವಿ.ಎಂ. ಸ್ಟುಡಿಯೊವನ್ನು ಇಲ್ಲಿಗೆ ತಂದರು. ಅದೇ ಕಾಲದಲ್ಲಿ ವಾಹಿನಿ ಸ್ಟುಡಿಯೊ ಇಲ್ಲಿ ತಲೆಯೆತ್ತಿತು. ಮುಂದೆ ಬಿ. ನಾಗಿರೆಡ್ಡಿಯವರ ಕಾಲದಲ್ಲಿ ವಿಜಯಾ-ವಾಹಿನಿ ಎಂಬ ಜೋಡಿ ಹೆಸರು ದಕ್ಷಿಣದ ನಾಲ್ಕೂ ಭಾಷೆಗಳಿಗೆ ಪರಿಚಿತವಾಯಿತು. ಕನ್ನಡದ ಮನೆಮನೆಯಲ್ಲಿ ಮೊಳಗಿದ ಎಷ್ಟೋ ಹಾಡುಗಳು ಮೊದಲು ಮೊಳಗಿದ್ದು ಈ ಒಂದೆರಡು ಮೈಲಿ ಸುತ್ತಳತೆಯ ಒಳಗೆ.

ಹಾಡುವವರು, ಬರೆಯುವವರು, ಕೇಳುವವರು ಎಲ್ಲರೂ ಕನ್ನಡಿಗರಾಗಿರುವಾಗ ಹಾಡಿನ ಮುದ್ರಣಕ್ಕೆ ಮಾತ್ರ ಬೆಂಗಳೂರಿನಿಂದ ಸುಮಾರು 350 ಕಿಲೊಮೀಟರ್ ದೂರ ಬರಬೇಕಾದದ್ದು ಏಕೆ? ಬಂಡವಾಳ ಇಲ್ಲಿತ್ತು, ತಂತ್ರಜ್ಞರು ಇಲ್ಲಿದ್ದರು, ಫಿಲಂ ತೊಳೆಯುವ ಲ್ಯಾಬೊರೇಟರಿಗಳು ಇಲ್ಲಿದ್ದವು ಎಂದು ಚಿತ್ರರಂಗದ ಚರಿತ್ರೆ ಬರೆದವರು ಹೇಳುತ್ತಾರೆ. ಅದೆಲ್ಲ ನಿಜವೇ. ಆ ಕಾರಣಗಳ ಜೊತೆಗೆ ನಾವು ಇನ್ನೊಂದನ್ನು ಸೇರಿಸಬಯಸುತ್ತೇವೆ. ಅದು ವಾದ್ಯದ ತೂಕ. ಪಿಯಾನೊ ಇರುವ ಕಡೆಗೆ ಮನುಷ್ಯರನ್ನು ಕರೆತರುವುದು ಸುಲಭ; ಮನುಷ್ಯರಿರುವ ಕಡೆಗೆ ಪಿಯಾನೊ ಒಯ್ಯುವುದು ಕಷ್ಟ. ಈ ಸರಳ ಸಂಗತಿ ನಮ್ಮ ಸಂಗೀತದ ಭೂಪಟವನ್ನು ಹೇಗೆ ಬರೆಯಿತೆಂಬುದು ಈ ಲೇಖನದ ವಿಷಯ.

ಇದಕ್ಕೆ ನಮ್ಮನ್ನು ಎಳೆದದ್ದು ಒಂದು ವ್ಯಾವಹಾರಿಕ ಪ್ರಶ್ನೆ. ಹಿರಿಯರ ಕಾಲದ ಹಳೆಯ 'ಪ್ಲೇಯರ್ ಪಿಯಾನೊ' ಒಂದು ಕೈಗೆ ಬಂದವರು ಅದನ್ನು ದೂರದ ಊರಿಗೆ ಕಡಿಮೆ ಖರ್ಚಿನಲ್ಲಿ ಸಾಗಿಸುವುದು ಹೇಗೆ ಎಂದು ಕೇಳುವುದುಂಟು. ಮೇಲ್ನೋಟಕ್ಕೆ ಇದು ಲಾರಿ ಬಾಡಿಗೆಯ ಪ್ರಶ್ನೆ. ಆದರೆ ಇದಕ್ಕೆ ಇನ್ನೂರು ವರ್ಷಗಳ ಉತ್ತರಗಳಿವೆ. ಅವುಗಳಲ್ಲಿ ಕೆಲವು ಕರ್ನಾಟಕದ ನೆಲದವೇ ಆಗಿವೆ.

ತಾನೇ ನುಡಿಯುವ ಪಿಯಾನೊ

ಮೊದಲು ಈ ವಾದ್ಯದ ಪರಿಚಯ. ಪ್ಲೇಯರ್ ಪಿಯಾನೊ ಎಂದರೆ ನುಡಿಸುವವರ ಬೆರಳುಗಳಿಲ್ಲದೆಯೂ ನುಡಿಯಬಲ್ಲ ಪಿಯಾನೊ. ವಿದ್ಯುತ್ತಿನ ಕಾಲಕ್ಕೆ ಮುಂಚಿನ ಅದರ ಜೀವಾಳ ಗಾಳಿ. ಮುಂದೆ ಕುಳಿತವರು ಎರಡು ಪೆಡಲುಗಳನ್ನು ಒಂದಾದ ಮೇಲೊಂದರಂತೆ ತುಳಿಯುತ್ತಾರೆ. ಒಳಗಿನ ತಿದಿಗಳು ಗಾಳಿಯನ್ನು ಹೊರಹೀರುತ್ತವೆ. ಎದುರಿಗೆ ರಂಧ್ರಗಳಿರುವ ಕಾಗದದ ಸುರುಳಿಯೊಂದು ಹಿತ್ತಾಳೆಯ ಪಟ್ಟಿಯ ಮೇಲೆ ಸರಿಯುತ್ತಿರುತ್ತದೆ. ಕಾಗದದ ರಂಧ್ರ ಪಟ್ಟಿಯ ರಂಧ್ರಕ್ಕೆ ಎದುರಾದೊಡನೆ ಗಾಳಿ ಸಣ್ಣ ಕೊಳವೆಯೊಳಕ್ಕೆ ನುಗ್ಗುತ್ತದೆ, ತೊಗಲಿನ ಕವಾಟ ತೆರೆಯುತ್ತದೆ, ಆ ಸ್ವರಕ್ಕೆ ಸೇರಿದ ಪುಟ್ಟ ತಿದಿ ಕುಗ್ಗುತ್ತದೆ, ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. ಒಂದು ಸ್ವರಕ್ಕೆ ಒಂದು ರಂಧ್ರ, ಒಂದು ಕೊಳವೆ, ಒಂದು ಕವಾಟ, ಒಂದು ತಿದಿ. ಎಂಬತ್ತೆಂಟು ಸ್ವರಗಳಿಗೆ ಇದೆಲ್ಲ ಎಂಬತ್ತೆಂಟು ಸಲ.

ಸಾಗಣೆಯ ದೃಷ್ಟಿಯಿಂದ ಇದರ ಹುಟ್ಟೇ ಕುತೂಹಲಕರ. 1895ರಲ್ಲಿ ಅಮೆರಿಕದ ಎಡ್ವಿನ್ ವೋಟಿ ಎಂಬಾತ ಕಟ್ಟಿದ 'ಪಿಯಾನೊಲಾ' ಪಿಯಾನೊದ ಒಳಗೆ ಇರಲಿಲ್ಲ. ಅದೊಂದು ಪ್ರತ್ಯೇಕ ಪೆಟ್ಟಿಗೆ. ಅದನ್ನು ಪಿಯಾನೊದ ಎದುರಿಗೆ ತಳ್ಳಿ ನಿಲ್ಲಿಸಿದರೆ ಅದರಿಂದ ಹೊರಚಾಚಿದ, ಫೆಲ್ಟ್ ಹೊದಿಸಿದ ಮರದ ಬೆರಳುಗಳು ಪಿಯಾನೊದ ಮನೆಗಳನ್ನು ಒತ್ತುತ್ತಿದ್ದವು. (ಹಾರ್ಮೋನಿಯಂ ನುಡಿಸುವವರು ಕಪ್ಪು ಬಿಳಿ ಪಟ್ಟಿಗಳನ್ನು 'ಮನೆ' ಎನ್ನುವಂತೆ ನಾವೂ ಇಲ್ಲಿ ಆ ಮಾತನ್ನೇ ಬಳಸಿದ್ದೇವೆ.) ಅಂದರೆ ಮೊದಲ ಕಲ್ಪನೆಯಲ್ಲಿ ಪಿಯಾನೊ ಇದ್ದಲ್ಲೇ ಇರುತ್ತದೆ, ನುಡಿಸುವವನು ಪೆಟ್ಟಿಗೆಯಾಗಿ ಬರುತ್ತಾನೆ. ಕೆಲವೇ ವರ್ಷಗಳಲ್ಲಿ ತಯಾರಕರು ಆ ಪೆಟ್ಟಿಗೆಯನ್ನು ಪಿಯಾನೊದ ಹೊಟ್ಟೆಯೊಳಕ್ಕೇ ಸೇರಿಸಿದರು. ಅಂದವೂ ಹೆಚ್ಚಿತು, ತೂಕವೂ ಹೆಚ್ಚಿತು.

1904ರಲ್ಲಿ ಜರ್ಮನಿಯ ವೆಲ್ಟೆ ಕಂಪನಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ದೊಡ್ಡ ಕಲಾವಿದರು ನುಡಿಸಿದ್ದನ್ನು ಅದರ ಏರಿಳಿತ, ಒತ್ತಡಗಳ ಸಮೇತ ಕಾಗದಕ್ಕೆ ಇಳಿಸುವ 'ವೆಲ್ಟೆ-ಮಿನ್ಯೋನ್' ಪದ್ಧತಿ ಬಂದಿತು. 1908ರಲ್ಲಿ ಅಮೆರಿಕದ ತಯಾರಕರು ಬಫಲೊ ನಗರದಲ್ಲಿ ಸಭೆ ಸೇರಿ, ಸುರುಳಿಯ ಅಗಲ 11¼ ಅಂಗುಲವೆಂದೂ ರಂಧ್ರಗಳ ಅಳತೆ ಇಂತಿಷ್ಟೆಂದೂ ಒಪ್ಪಿಕೊಂಡರು. ಆಮೇಲೆ ಒಂದು ಕಂಪನಿಯ ಸುರುಳಿ ಇನ್ನೊಂದರ ಪಿಯಾನೊದಲ್ಲಿಯೂ ಓಡಿತು. 1923ರ ಹೊತ್ತಿಗೆ ಅಮೆರಿಕದಲ್ಲಿ ತಯಾರಾದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವು. ಬಳಿಕ ರೇಡಿಯೊ ಬಂದಿತು, ವಿದ್ಯುತ್ ಮುದ್ರಣದ ಗ್ರಾಮಫೋನ್ ತಟ್ಟೆಗಳು ಬಂದವು, 1929ರ ಆರ್ಥಿಕ ಕುಸಿತ ಬಂದಿತು. ಪ್ಲೇಯರ್ ಪಿಯಾನೊದ ಕಾಲ ಮುಗಿಯಿತು. ಉಳಿದದ್ದು ವಾದ್ಯಗಳು. ನಿಂತ ಮಾದರಿಯ ಪ್ಲೇಯರ್ ಪಿಯಾನೊ ಒಂದರ ತೂಕ ಸುಮಾರು 350ರಿಂದ 450 ಕಿಲೊ. ಒಳಗೆ ಎರಕದ ಕಬ್ಬಿಣದ ಚೌಕಟ್ಟು. ಅದರ ಮೇಲೆ ಇನ್ನೂರಕ್ಕೂ ಹೆಚ್ಚು ತಂತಿಗಳ ಒಟ್ಟು ಎಳೆತ ಹದಿನೈದಿಪ್ಪತ್ತು ಟನ್. ಇಂಥದನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವುದು ಮನೆಸಾಮಾನು ಸಾಗಿಸಿದಂತಲ್ಲ.

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ

ಯಾಂತ್ರಿಕ ವಾದ್ಯವೊಂದು ಕನ್ನಡ ನಾಡಿನಿಂದ ಬಹುದೂರ ಸಾಗಿದ ಪ್ರಸಿದ್ಧ ನಿದರ್ಶನ ಪ್ಲೇಯರ್ ಪಿಯಾನೊಗಿಂತ ನೂರು ವರ್ಷ ಹಳೆಯದು. ಅದು ಟಿಪ್ಪುವಿನ ಹುಲಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ವಾದ್ಯಶಾಲೆಯಲ್ಲಿ ಇಂಗ್ಲಿಷರಿಗೆ ಸಿಕ್ಕ ಈ ಮರದ ಹುಲಿ ಬರೀ ಬೊಂಬೆಯಲ್ಲ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡುತ್ತವೆ, ಹುಲಿ ಗುರುಗುಟ್ಟುತ್ತದೆ, ಅದರ ಕೆಳಗೆ ಬಿದ್ದ ಯುರೋಪಿಯನ್ನನು ನರಳುತ್ತ ಕೈಯೆತ್ತುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ ದಂತದ ಗುಂಡಿಗಳ ಹದಿನೆಂಟು ಸ್ವರಗಳ ಪುಟ್ಟ ಆರ್ಗನ್ ಇದೆ. ತಿದಿ, ಕೊಳವೆ, ಮನೆ ಮೂರೂ ಇರುವ ಈ ಯಂತ್ರವನ್ನು ಪ್ಲೇಯರ್ ಪಿಯಾನೊದ ದೂರದ ಬಂಧುವೆಂದರೆ ತಪ್ಪಾಗಲಾರದು.

ಅದು 1800ರಲ್ಲಿ ಲಂಡನ್ ತಲುಪಿತು. ಸಾಗಣೆಯ ವೆಚ್ಚ ಅದನ್ನು ಕಳೆದುಕೊಂಡವರದಲ್ಲ, ಗೆದ್ದವರದು. 1808ರಿಂದ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿಟ್ಟಾಗ ಬಂದವರೆಲ್ಲ ಹಿಡಿಕೆ ತಿರುಗಿಸತೊಡಗಿದರು. ಪಕ್ಕದ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಹುಲಿಯ ಗರ್ಜನೆ ತಲೆನೋವಾಯಿತು. 1880ರ ಹೊತ್ತಿಗೆ ಅದು ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿಗೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಸೂರು ಕುಸಿದು ಅದರ ಮೈ ಚೂರಾಯಿತು. ಜೋಡಿಸಿ ಮತ್ತೆ ನಿಲ್ಲಿಸಿದರು. ಆದರೆ ಈ ಎರಡು ಶತಮಾನಗಳ ದುರಸ್ತಿಗಳಲ್ಲಿ ಒಳಗಿನ ವ್ಯವಸ್ಥೆ ಮೊದಲಿನಂತೆ ಉಳಿಯಲಿಲ್ಲ. ಶ್ರೀರಂಗಪಟ್ಟಣದಲ್ಲಿ ಆ ಆರ್ಗನ್ ನುಡಿದ ದನಿ ಇದೇ ಎಂದು ಇಂದು ಯಾರೂ ಪ್ರಮಾಣ ಮಾಡಲಾರರು.

ಈ ಕಥೆಯಿಂದ ನಾವು ಎತ್ತಿಕೊಳ್ಳಬೇಕಾದ ಮಾತು ಇಷ್ಟೆ. ವಾದ್ಯ ಊರು ಬಿಟ್ಟಾಗ ಅದರ ದನಿಯನ್ನು ಬಲ್ಲ ಕೈಗಳು ಜೊತೆಗೆ ಹೋಗದಿದ್ದರೆ, ತಲುಪುವುದು ಆಕಾರ ಮಾತ್ರ.

ಮಸೂಲ ದೋಣಿಯಿಂದ ಅರಮನೆಗೆ

ಈಗ ಎದುರು ದಿಕ್ಕಿನ ಪಯಣವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಮದ್ರಾಸಿಗೆ ಯುರೋಪಿನಿಂದ ಬಂದ ಪಿಯಾನೊಗಳು ಮೊದಲು ಎದುರಿಸಿದ್ದು ಸಮುದ್ರದ ತೆರೆಗಳನ್ನು. ಮದ್ರಾಸಿಗೆ ಸಹಜವಾದ ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನರೂ ಸರಕೂ ದಡಕ್ಕೆ ಬರುತ್ತಿದ್ದದ್ದು ಮಸೂಲ ದೋಣಿಗಳಲ್ಲಿ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದ ಈ ದೋಣಿಗಳು ಅಲೆಯ ಹೊಡೆತಕ್ಕೆ ಬಳುಕಿ ಉಳಿಯುತ್ತಿದ್ದವು. ಕೃತಕ ಬಂದರಿನ ಕೆಲಸ ಆರಂಭವಾದದ್ದು 1870ರ ದಶಕದಲ್ಲಿ. ಅಲ್ಲಿಯವರೆಗೆ ಈ ಊರಿಗೆ ಬಂದ ಭಾರದ ಸರಕೆಲ್ಲ ಬೆಸ್ತರ ತೋಳಬಲವನ್ನು ನಂಬಿ ದಡ ಮುಟ್ಟಿದವೇ.

ಆ ಕಾಲದಲ್ಲಿಯೇ, 1842ರಲ್ಲಿ, ಮಿಸ್ಕ್ವಿತ್ ಎಂಬ ಹೆಸರಿನಲ್ಲಿ ಮದ್ರಾಸಿನಲ್ಲೊಂದು ವಾದ್ಯದಂಗಡಿ ಆರಂಭವಾಯಿತು. ಇಂದು ಅಣ್ಣಾ ಸಾಲೈಯಲ್ಲಿರುವ 'ಮ್ಯೂಸೆ ಮ್ಯೂಸಿಕಲ್' ಅದರ ಮುಂದುವರಿಕೆ. ಇಂಥ ಅಂಗಡಿಗಳ ಮಹತ್ತ್ವ ಮಾರಾಟದಲ್ಲಿ ಮಾತ್ರವಿರಲಿಲ್ಲ. ಕರಾವಳಿಯ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಸೀಳುತ್ತದೆ, ಅಂಟು ಬಿಡುತ್ತದೆ, ಗೆದ್ದಲು ಹತ್ತುತ್ತದೆ. ಆದ್ದರಿಂದಲೇ ಯುರೋಪಿನ ತಯಾರಕರು ಉಷ್ಣದೇಶಗಳಿಗೆಂದು ಅಂಟಿನ ಜೊತೆಗೆ ಹಿತ್ತಾಳೆಯ ತಿರುಪುಗಳನ್ನು ಹಾಕಿ ಬಿಗಿದ ಪಿಯಾನೊಗಳನ್ನು ಬೇರೆಯಾಗಿಯೇ ತಯಾರಿಸುತ್ತಿದ್ದರು. ಅಷ್ಟಾದರೂ ಶ್ರುತಿ ಮಾಡುವವನೊಬ್ಬ ಊರಿನಲ್ಲಿರಲೇಬೇಕು. ಪಿಯಾನೊಗಳು ಬಂದರು ನಗರಗಳಲ್ಲಿ ಗುಂಪುಗೂಡಿದ್ದಕ್ಕೆ ಹಡಗಿನಷ್ಟೇ ಈ ಶ್ರುತಿಗಾರರೂ ಕಾರಣ.

ಒಳನಾಡಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿಯಾಗಿತ್ತು. 1864ರಲ್ಲಿ ಮದ್ರಾಸಿನ ರೈಲು ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿದ ಮೇಲೆ ಈ ಕಷ್ಟ ಅರ್ಧ ಇಳಿಯಿತು. ಅರ್ಧ ಮಾತ್ರ, ಏಕೆಂದರೆ 1880ರ ದಶಕದ ಆರಂಭದಲ್ಲಿ ಮೈಸೂರಿಗೆ ಹೋದ ಹಳಿ ಮೀಟರ್ ಗೇಜಿನದು. ಮದ್ರಾಸಿನಿಂದ ಅಗಲ ಹಳಿಯ ವ್ಯಾಗನ್ನಿನಲ್ಲಿ ಬಂದ ಭಾರದ ಪೆಟ್ಟಿಗೆಯನ್ನು ಬೆಂಗಳೂರಿನಲ್ಲಿ ಇಳಿಸಿ ಇನ್ನೊಂದು ವ್ಯಾಗನ್ನಿಗೆ ಏರಿಸಬೇಕು. ಸಾಗಣೆಯನ್ನು ಬಲ್ಲವರಿಗೆ ಗೊತ್ತಿರುವಂತೆ ಪಿಯಾನೊಗೆ ದೂರ ಶತ್ರುವಲ್ಲ. ಇಳಿಸುವುದು, ಏರಿಸುವುದು ಶತ್ರು.

ಈ ಅಡ್ಡಿಗಳನ್ನೆಲ್ಲ ಹಣದಿಂದ ದಾಟಬಲ್ಲ ಸ್ಥಳವೊಂದಿತ್ತು: ಮೈಸೂರು ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳ ಜೊತೆಗೆ ಪಿಯಾನೊವನ್ನೂ ನುಡಿಸಬಲ್ಲವರಾಗಿದ್ದರು. ಅವರ ಕಾಲದ ಅರಮನೆಯಲ್ಲಿ ಹಾರ್ನ್ ವಯೊಲಿನ್, ಥೆರಮಿನ್‌ಗಳ ಜೊತೆಗೆ 'ಕ್ಯಾಲಿಯಾಫೋನ್' ಎಂಬ ಯಂತ್ರವಾದ್ಯವೂ ಇತ್ತು. ಅಮೆರಿಕದ ನಾರ್ಮನ್ ಬೇಕರ್ 1914ರಲ್ಲಿ ರೂಪಿಸಿದ ಈ ವಾದ್ಯ ಗಾಳಿಯ ಒತ್ತಡದಿಂದ ಸಿಳ್ಳೆಗಳನ್ನು ಊದುತ್ತದೆ. ಕೈಯಿಂದಲೂ ನುಡಿಸಬಹುದು; ಪ್ಲೇಯರ್ ಪಿಯಾನೊದಂತೆ ರಂಧ್ರದ ಕಾಗದದ ಸುರುಳಿಯಿಂದಲೂ ನುಡಿಸಬಹುದು. ಅಮೆರಿಕದಲ್ಲಿ ಸರ್ಕಸ್ಸು ಜಾತ್ರೆಗಳಲ್ಲಿ ಮೊಳಗುತ್ತಿದ್ದ ವಾದ್ಯ ಮೈಸೂರಿನ ಅರಮನೆಗೆ ಬಂದದ್ದು ಒಂದು ವಿಚಿತ್ರ ಸೊಗಸು. ಅರಮನೆ ವಾದ್ಯಗಳನ್ನು ಮಾತ್ರ ತರಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಲು ಓಟ್ಟೊ ಸ್ಮಿತ್ ಅವರಂಥ ಸಂಗೀತಗಾರರನ್ನೂ ಕರೆಸಿ ಇಟ್ಟುಕೊಂಡಿತು.

ಜಯಚಾಮರಾಜ ಒಡೆಯರು ಈ ಲೆಕ್ಕಾಚಾರವನ್ನೇ ತಿರುಗಿಸಿದರು. ಪಿಯಾನೊ ಸಂಗೀತದ ಆಳವಾದ ಅಭ್ಯಾಸಿಯಾಗಿದ್ದ ಅವರು ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ವೃದ್ಧಾಪ್ಯ, ಅನಾರೋಗ್ಯ, ಬಡತನಗಳ ನಡುವೆ ಇದ್ದಾರೆಂದು ತಿಳಿದಾಗ ಮೆಟ್ನರ್ ಸೊಸೈಟಿಯೊಂದನ್ನು ಪೋಷಿಸಿ, 1940ರ ದಶಕದ ಕೊನೆಯಲ್ಲಿ ಎಚ್.ಎಂ.ವಿ. ಕಂಪನಿಯಿಂದ ಅವರ ಕೃತಿಗಳನ್ನು ಅವರ ಕೈಯಿಂದಲೇ ಧ್ವನಿಮುದ್ರಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಪಿಯಾನೊ ಲಂಡನ್ನಿನಲ್ಲಿಯೇ ಉಳಿಯಿತು, ನುಡಿಸಿದವರೂ ಅಲ್ಲಿಯೇ ಉಳಿದರು. ಸಮುದ್ರ ದಾಟಬಲ್ಲದ್ದು ಕೆಲವು ತಟ್ಟೆಗಳು. ಕಾಗದದ ಸುರುಳಿ ಮಾಡಹೊರಟ ಕೆಲಸವನ್ನು ಗ್ರಾಮಫೋನ್ ತಟ್ಟೆ ಇನ್ನಷ್ಟು ಹಗುರವಾಗಿ ಮಾಡಿತು.

ಕಾಲು ಕಳಚಿದ ಹಾರ್ಮೋನಿಯಂ

ಅರಸರಲ್ಲದವರು ಏನು ಮಾಡಿದರು? ಉತ್ತರ ನಮ್ಮ ನಾಟಕ ಕಂಪನಿಗಳಲ್ಲಿದೆ. ಯುರೋಪಿನಿಂದ ಬಂದ ಹಾರ್ಮೋನಿಯಂ ಮೊದಲಿಗೆ ಮೇಜಿನಂತಹ ವಾದ್ಯ. ಕಾಲಿನಿಂದ ತಿದಿ ತುಳಿದು ಎರಡೂ ಕೈಗಳಿಂದ ನುಡಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲನ್ನು ತೆಗೆದುಹಾಕಿ, ತಿದಿಯನ್ನು ಬೆನ್ನಿಗೆ ತಂದು, ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯನ್ನಾಗಿ ಮಾಡಿದರು. ನುಡಿಸುವವನ ಒಂದು ಕೈ ತಿದಿಗೆ ಹೋಯಿತು. ಆದರೆ ವಾದ್ಯ ಬಗಲಿಗೆ ಬಂದಿತು. ಈ ಬೆಲೆ ಕೊಟ್ಟದ್ದರಿಂದಲೇ ಹಾರ್ಮೋನಿಯಂ ಹರಿಕಥೆಯ ಮಂಟಪಕ್ಕೂ ಭಜನೆಯ ಮನೆಗೂ ಬಯಲಾಟದ ಅಟ್ಟಕ್ಕೂ ಹತ್ತಿತು.

ಕನ್ನಡ ವೃತ್ತಿರಂಗಭೂಮಿ ಕಾಲು ಹಾರ್ಮೋನಿಯಮ್ಮನ್ನು ಕೈಬಿಡಲಿಲ್ಲ. ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮೇಷ್ಟ್ರು ನಾಟಕದ ಅರ್ಧ ಜೀವ. 1884ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಗುಬ್ಬಿ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ. ಪರದೆ, ಸೀನು, ದೀಪ, ಪೆಟಾರಿ, ಅಡುಗೆಯ ಕೊಪ್ಪರಿಗೆ, ಕಲಾವಿದರ ಸಂಸಾರ, ಎಲ್ಲವೂ ಊರಿಂದೂರಿಗೆ ರೈಲು ಗಾಡಿಗಳಲ್ಲಿ ಹೋಗುತ್ತಿದ್ದವು. ಆನೆಯನ್ನು ರಂಗದ ಮೇಲೆ ತಂದವರು ಪಿಯಾನೊ ಹೊತ್ತು ತಿರುಗಲಿಲ್ಲ. ಆನೆ ನಡೆಯುತ್ತದೆ, ಪಿಯಾನೊ ನಡೆಯುವುದಿಲ್ಲ. ಕಿಪ್ಲಿಂಗನ 'ದಿ ಸಾಂಗ್ ಆಫ್ ದಿ ಬ್ಯಾಂಜೊ' ಎಂಬ ಕವಿತೆಯಲ್ಲಿ ಪಿಯಾನೊ ಹೋಗಲಾರದ ಎಡೆಗಳಿಗೆ ತಾನು ಹೋಗುವೆನೆಂದು ಬ್ಯಾಂಜೊ ಜಂಬ ಪಡುತ್ತದೆ. ಹಾರ್ಮೋನಿಯಮ್ಮಿಗೆ ಮಾತು ಬಂದಿದ್ದರೆ ಕನ್ನಡದಲ್ಲಿ ಅದೇ ಜಂಬವನ್ನು ಇನ್ನಷ್ಟು ನ್ಯಾಯವಾಗಿ ಪಡಬಹುದಿತ್ತು.

ವಡಪಳನಿಗೆ ಬಂದ ಕನ್ನಡ

ನಾಟಕ ಕಂಪನಿಯ ಕಾಲದಲ್ಲಿ ವಾದ್ಯ ಜನರ ಹಿಂದೆ ಹೋಯಿತು. ಟಾಕಿಯ ಕಾಲದಲ್ಲಿ ಈ ಕ್ರಮ ತಿರುಗಿತು. ಧ್ವನಿಮುದ್ರಣದ ಯಂತ್ರ, ಪ್ರತಿಧ್ವನಿ ಅಳಿಸಿದ ಕೋಣೆ, ಐವತ್ತು ಮಂದಿ ವಾದಕರು ಕೂರಬಲ್ಲ ಅಂಗಣ, ಇವನ್ನು ಹೊತ್ತೊಯ್ಯಲಾಗದು. ಕನ್ನಡದ ಮೊದಲ ವಾಕ್ಚಿತ್ರಗಳಲ್ಲಿ ಒಂದಾದ, 1934ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದಲ್ಲಿ. ಅಂದರೆ ಬೆಳ್ಳಿತೆರೆಯ ಕನ್ನಡ ಮಾತು ಹುಟ್ಟಿದ ದಿನದಿಂದಲೇ ಯಂತ್ರವಿದ್ದ ಊರನ್ನು ಹುಡುಕಿಕೊಂಡು ಹೋಯಿತು.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಬಂದಿತು. ಗುಬ್ಬಿ ಕಂಪನಿಯ ರಂಗದಿಂದ ಬಂದ ರಾಜಕುಮಾರರು ನಾಯಕ; ಎ.ವಿ.ಎಂ. ಜೊತೆಗಾರಿಕೆ, ಸಂಗೀತ ಆರ್. ಸುದರ್ಶನಂ. ಊರೂರು ತಿರುಗಿದ ಕಂಪನಿಯ ಕಲಾವಿದರು ಈಗ ನೆಲೆನಿಂತ ವಾದ್ಯಗಳ ಊರಿಗೆ ಬಂದರು. ಮುಂದಿನ ಎರಡು ಮೂರು ದಶಕ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಎಂ. ರಂಗರಾವ್, ರಾಜನ್-ನಾಗೇಂದ್ರ, ಉಪೇಂದ್ರಕುಮಾರ್ ಮೊದಲಾದವರ ಕನ್ನಡ ಹಾಡುಗಳು ಬಹುಪಾಲು ಈ ಊರಿನ ಥಿಯೇಟರುಗಳಲ್ಲಿ ಮುದ್ರಣಗೊಂಡವು. ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದವರಲ್ಲಿ ಮುಂದೆ ಇಳೆಯರಾಜಾ ಎಂದು ಹೆಸರಾದ ಯುವಕರೂ ಒಬ್ಬರು. ಬೆಳಿಗ್ಗೆ ತೆಲುಗು ಹಾಡಿಗೆ ನುಡಿಸಿದ ವಾದಕ ಮಧ್ಯಾಹ್ನ ಕನ್ನಡ ಹಾಡಿಗೆ ನುಡಿಸುವುದು ಇಲ್ಲಿನ ದಿನಚರಿ. ನಾಲ್ಕು ಭಾಷೆಗಳು ಕೂಡಿ ಒಂದು ವಾದ್ಯಸಮೂಹವನ್ನು ಸಾಕಿದವು. ಕನ್ನಡವೊಂದೇ ಆಗ ಅದನ್ನು ಸಾಕಲಾರದಿತ್ತು. ಭಾರದ ವಾದ್ಯವನ್ನು ಕಡಿಮೆ ಖರ್ಚಿನಲ್ಲಿ ಪಡೆಯುವ ದಾರಿ ಅದೇ: ಕದಲಿಸದೆ, ಹಂಚಿಕೊಂಡು ಬಳಸುವುದು.

ಕದಲಿಸಬಹುದಾದ ವಾದ್ಯಗಳಿಗೆ ಇನ್ನೊಂದು ದಾರಿಯಿತ್ತು: ಬಾಡಿಗೆ. ಸಂಗೀತಗಾರ ಆರ್.ಕೆ. ಶೇಖರ್ 1976ರಲ್ಲಿ ತೀರಿಕೊಂಡ ಮೇಲೆ ಅವರ ಸಂಸಾರ ಅವರ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಬದುಕಿತು. ಆ ಮನೆಯ ಹುಡುಗನೇ ಇಂದಿನ ಎ.ಆರ್. ರಹಮಾನ್. ಒಂದು ಕೀಬೋರ್ಡು ಒಂದು ಸಂಸಾರವನ್ನು ಸಲಹಬಲ್ಲುದಾಗಿತ್ತೆಂದರೆ, ಕೋಡಂಬಾಕ್ಕಂ ವಡಪಳನಿಗಳ ನಡುವೆ ಹಗುರ ವಾದ್ಯದ ಬೆಲೆ ಎಷ್ಟಿತ್ತೆಂಬುದನ್ನು ಊಹಿಸಬಹುದು.

ಕನ್ನಡ ಚಿತ್ರರಂಗ ತವರಿಗೆ ಮರಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಕರ್ನಾಟಕ ಸರ್ಕಾರದ ಸಹಾಯಧನ, ಬೆಂಗಳೂರಿನ ಸ್ಟುಡಿಯೊಗಳು, ಕನ್ನಡದ ಅಭಿಮಾನ ಎಲ್ಲವೂ ಸೇರಿ ಅದನ್ನು ಸಾಧಿಸಿದವು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೊ ಕಟ್ಟಿದರು. ಈ ಕಾಲವನ್ನು ವಾದ್ಯಗಳ ಕಡೆಯಿಂದ ನೋಡಿದರೆ ಒಂದು ಹೊಂದಾಣಿಕೆ ಕಾಣುತ್ತದೆ. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್7 ಸಿಂಥೆಸೈಸರ್ ಮಾರುಕಟ್ಟೆಗೆ ಬಂದಿತು. ಅದರ ತೂಕ ಸುಮಾರು 14 ಕಿಲೊ. ಅದೇ ವರ್ಷ ಎಲ್ಲ ಕಂಪನಿಗಳ ವಿದ್ಯುನ್ಮಾನ ವಾದ್ಯಗಳೂ ಪರಸ್ಪರ ಮಾತಾಡಬಲ್ಲ 'ಮಿಡಿ' ಎಂಬ ಒಪ್ಪಂದ ಜಾರಿಗೆ ಬಂದಿತು. 1908ರ ಬಫಲೊ ಸಭೆ ಕಾಗದದ ಸುರುಳಿಗೆ ಮಾಡಿದ್ದನ್ನೇ ಇದು ವಿದ್ಯುತ್ತಿನ ವಾದ್ಯಗಳಿಗೆ ಮಾಡಿತು. ನಾನೂರು ಕಿಲೊದ ಕೆಲಸವನ್ನು ಹದಿನಾಲ್ಕು ಕಿಲೊ ಮಾಡತೊಡಗಿದ ಕಾಲವೂ ಕನ್ನಡ ಹಾಡು ವಡಪಳನಿಯನ್ನು ಬಿಡತೊಡಗಿದ ಕಾಲವೂ ಒಂದೇ. ಇದು ಏಕೈಕ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಪಿಯಾನೊವನ್ನು ಬಗಲಲ್ಲಿ ಹಿಡಿದು ರಾತ್ರಿ ರೈಲು ಹತ್ತುವಂತಾದ ಮೇಲೆ ಹಾಡು ಪಿಯಾನೊವನ್ನು ಹುಡುಕಿ ಹೋಗುವ ಅಗತ್ಯ ಕಡಿಮೆಯಾದದ್ದಂತೂ ನಿಜ.

ಇಂದು ಸಾಗಿಸುವುದಾದರೆ

ಇಷ್ಟು ಚರಿತ್ರೆಯ ಬಳಿಕ ಮೊದಲಿನ ಪ್ರಶ್ನೆಗೆ ಬರೋಣ. ಮನೆಯಲ್ಲಿ ಹಳೆಯ ಪ್ಲೇಯರ್ ಪಿಯಾನೊ ಇದೆ. ಅದನ್ನು ಚೆನ್ನೈಯಿಂದ, ಉದಾಹರಣೆಗೆ, ಮೈಸೂರಿಗೆ ಒಯ್ಯಬೇಕು. ವರ್ಗಾವಣೆಯ ನೌಕರಿಯಲ್ಲಿರುವ ನಮಗೆ ಸಾಮಾನೆಂದರೆ ತೂಕ, ದೂರ ಎಂಬ ಎರಡೇ ಅಂಕಿಗಳು; ಭತ್ಯೆಯ ನಿಯಮಗಳು ಅಷ್ಟನ್ನೇ ಕೇಳುತ್ತವೆ. ಪಿಯಾನೊದ ಲೆಕ್ಕ ಬೇರೆ. ದೂರದ ಖರ್ಚನ್ನು ಇಳಿಸಬಹುದು. ಎರಡು ತುದಿಗಳ ಖರ್ಚನ್ನು ಇಳಿಸಬಾರದು.

ದೂರದ ಖರ್ಚು ಇಳಿಸುವ ದಾರಿ ವಡಪಳನಿಯ ಪಕ್ಕದಲ್ಲಿಯೇ ಇದೆ. 1996ರಲ್ಲಿ ಆರಂಭವಾದ ಕೋಯಂಬೇಡು ಸಗಟು ಮಾರುಕಟ್ಟೆಗೆ ಕರ್ನಾಟಕದಿಂದ ತರಕಾರಿ ಹೊತ್ತ ಲಾರಿಗಳು ಬರುತ್ತವೆ. ಸರಕು ಇಳಿಸಿ ಖಾಲಿ ಮರಳುವ ಲಾರಿ 'ರಿಟರ್ನ್ ಲೋಡ್' ಸಿಕ್ಕರೆ ಕಡಿಮೆ ಬಾಡಿಗೆಗೂ ಒಪ್ಪುತ್ತದೆ. ದಿನಾಂಕದ ಹಟವಿಲ್ಲದವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಟಾರ್ಪಾಲು ಭದ್ರವಾಗಿರಬೇಕು, ದಾರಿಯಲ್ಲಿ ಇನ್ನೊಂದು ಲಾರಿಗೆ ಬದಲಾಯಿಸುವುದಿಲ್ಲವೆಂಬ ಮಾತು ಮೊದಲೇ ಆಗಬೇಕು. ಈಶಾನ್ಯ ಮಾರುತದ ಮಳೆಯ ತಿಂಗಳುಗಳನ್ನು ತಪ್ಪಿಸಬೇಕು.

ತುದಿಗಳಲ್ಲಿ ಹಣ ಉಳಿಸುವುದು ಬೇಡ. ಪಿಯಾನೊದ ಭಾರ ಬೆನ್ನಿನ ಕಡೆಗಿರುತ್ತದೆ. ಮುಂದಿನಿಂದ ಎತ್ತಿದವರು ಮೋಸ ಹೋಗುತ್ತಾರೆ. ಕನಿಷ್ಠ ನಾಲ್ವರು ಅನುಭವಸ್ಥ ಹಮಾಲರು, ಚಕ್ರದ ಹಲಗೆ, ಅಗಲವಾದ ಪಟ್ಟಿಗಳು, ದಪ್ಪ ಕಂಬಳಿಗಳು ಬೇಕು. ಅದರ ಕೆಳಗೆ ಇರುವ ಪುಟ್ಟ ಗಾಲಿಗಳನ್ನು ನಂಬಬಾರದು. ಅವು ಕೋಣೆಯೊಳಗೆ ಒಂದು ಮೊಳ ಸರಿಸುವುದಕ್ಕೆ ಮಾತ್ರ. ಮುಚ್ಚಳಗಳನ್ನು ಕಟ್ಟಿ, ವಾದ್ಯವನ್ನು ನಿಂತಂತೆಯೇ ಲಾರಿಯ ಪಕ್ಕದ ಗೋಡೆಗೆ ಬಿಗಿಯಬೇಕು. ಮೆಟ್ಟಿಲಿದ್ದರೆ ಗಾಳಿಯ ಯಂತ್ರಭಾಗವನ್ನು ಬಿಚ್ಚಿ ಬೇರೆಯಾಗಿ ಒಯ್ಯುವುದುಂಟು. ಆಗ ಪ್ರತಿ ಕೊಳವೆಗೂ ಸಂಖ್ಯೆ ಬರೆದು, ಎಲ್ಲ ಕಡೆಯಿಂದ ಫೋಟೊ ತೆಗೆದು ಇಡಬೇಕು. ನೂರು ವರ್ಷದ ರಬ್ಬರ್ ಮುಟ್ಟಿದರೆ ಪುಡಿಯಾಗಬಹುದು. ತಲುಪಿದ ಮೇಲೆ ಎರಡು ಮೂರು ವಾರ ಹೊಸ ಊರಿನ ಹವೆಗೆ ಒಗ್ಗಲು ಬಿಟ್ಟು ಆಮೇಲೆ ಶ್ರುತಿ ಮಾಡಿಸಬೇಕು.

ದೇಶದ ಗಡಿ ದಾಟಿಸುವ ಯೋಚನೆಯಿದ್ದರೆ ಮನೆಗಳ ಹೊದಿಕೆ ದಂತದ್ದೇ ಎಂದು ಮೊದಲು ನೋಡಿಸಬೇಕು. ಹಳೆಯ ಪಿಯಾನೊಗಳಲ್ಲಿ ಆನೆದಂತ ಸಾಮಾನ್ಯ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ತಡೆಯುವ ಒಪ್ಪಂದವೂ ಇಲ್ಲಿ ಅಡ್ಡ ಬರುತ್ತವೆ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಪಿಯಾನೊ ಕಳುಹಿಸುವ ಆಸೆ ಸುಂಕದ ಕಟ್ಟೆಯಲ್ಲಿ ನಿಲ್ಲುವುದು ಬೇಡ.

ಇದೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಹೋಗುವ ಊರಿನಲ್ಲಿ ಇದರ ತಿದಿಗೆ ತೊಗಲು ಹಾಕಬಲ್ಲವರು, ತಂತಿಯನ್ನು ಶ್ರುತಿಗೆ ತರಬಲ್ಲವರು ಇದ್ದಾರೆಯೆ? ಇಲ್ಲವಾದರೆ ಅಲ್ಲಿ ತಲುಪುವುದು ಪಿಯಾನೊ ಅಲ್ಲ, ಒಂದು ದೊಡ್ಡ ಕಪಾಟು. ಅಂಥ ಸಂದರ್ಭದಲ್ಲಿ ವಾದ್ಯವನ್ನು ಚೆನ್ನೈಯಲ್ಲಿಯೇ ನುಡಿಸುವ ಕೈಗಳಿಗೆ, ಶಾಲೆಗೋ ಸಂಗೀತ ಸಂಸ್ಥೆಗೋ ಒಪ್ಪಿಸಿ, ಕಾಗದದ ಸುರುಳಿಗಳನ್ನು ಮಾತ್ರ ಜೊತೆಗೆ ಒಯ್ಯುವುದು ಮೇಲು. ಸುರುಳಿ ಹಗುರ, ಅಪರೂಪ. ಹಲವು ಸಲ ವಾದ್ಯಕ್ಕಿಂತ ಬೆಲೆಯುಳ್ಳದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಇಂಥ ಸುರುಳಿಗಳನ್ನು ಕ್ಯಾಮೆರಾದಿಂದ ಓದಿ, ರಂಧ್ರಗಳನ್ನು ಕಂಪ್ಯೂಟರಿನ ಲೆಕ್ಕವಾಗಿ ಬದಲಾಯಿಸಿ ಮತ್ತೆ ನುಡಿಸುತ್ತಿದೆ.

ಇಂದು ಬೆಂಗಳೂರಿನಲ್ಲಾಗಲಿ ವಡಪಳನಿಯಲ್ಲಾಗಲಿ ಯಾವ ಸಂಗೀತ ನಿರ್ದೇಶಕರ ಕಂಪ್ಯೂಟರ್ ಪರದೆಯನ್ನು ನೋಡಿದರೂ ಸ್ವರಗಳು ಅಡ್ಡಗೆರೆಯ ತುಂಡುಗಳಾಗಿ ಸಾಲುಗಟ್ಟಿ ಸರಿಯುತ್ತಿರುತ್ತವೆ. ಆ ಕಿಟಕಿಗೆ ಸಂಗೀತಗಾರರು ಇಟ್ಟುಕೊಂಡಿರುವ ಹೆಸರು 'ಪಿಯಾನೊ ರೋಲ್'. ನಾನೂರು ಕಿಲೊದ ವಾದ್ಯದಿಂದ ಕಬ್ಬಿಣ, ಮರ, ತೊಗಲು, ತಿದಿ ಎಲ್ಲವೂ ಕಳಚಿಹೋಗಿ, ರಂಧ್ರಗಳ ಜಾಡು ಮಾತ್ರ ಉಳಿದು ಎಲ್ಲ ಊರುಗಳನ್ನೂ ತಲುಪಿದೆ. ಆದರೂ ಎಲ್ಲಿಯಾದರೂ ಒಂದು ನಿಜವಾದ ಪ್ಲೇಯರ್ ಪಿಯಾನೊ ತುಳಿಯಲು ಸಿಕ್ಕರೆ, ಕಾಲಿನ ಕೆಳಗೆ ಆ ತಿದಿ ಉಸಿರೆಳೆಯುವುದನ್ನು ಒಮ್ಮೆ ಅನುಭವಿಸಿ. ಲಾರಿ ಗೊತ್ತು ಮಾಡುವ ಮೊದಲು ಆ ಉಸಿರನ್ನು ಮುಂದಿನ ಊರಿನಲ್ಲಿ ಕಾಯುವವರು ಯಾರೆಂದು ಗೊತ್ತು ಮಾಡಿಕೊಳ್ಳಿ.